ಗೊಬ್ಬರಕ್ಕೆ ಬಂದ ಜ್ವರ

ನಾಚಿಕೆ ಸ್ವಭಾವದವರು ತಪ್ಪು ಮಾಡಲೇಬಾರದು, ಮಕ್ಕಳೇ. ತಪ್ಪು ಮಾಡಲು ಕೈ ಸಾಕು. ಒಪ್ಪಿಕೊಳ್ಳಲು ಬಾಯಿ ಬೇಕು. ನಿಮ್ಮ ಅಜ್ಜ ಇದ್ದಷ್ಟು ದಿನ ನನ್ನ ಪಾಲಿನ ಮಾತನ್ನೂ ಅವರೇ ಆಡಿದರು. ಅವರು ಹೋದ ಮೇಲೆ, ಯಾರಾದರೂ ಮನೆಗೆ ಬಂದರೆ ನಾನು ಬಾಗಿಲ ಹಿಂದೆ.

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷ ನಿಮ್ಮ ಗೌರಕ್ಕ ವಿಶ್ವವಿದ್ಯಾಲಯದಿಂದ ಮಕ್ತಲ್‌ಗೆ, ನನ್ನ ಮನೆಗೆ ಬಂದಳು. ಪರಿಸರದ ಓದು. ಅವಳ ಗದ್ವಾಲದ ಗೆಳತಿಗೆ ಮರದ ಉಂಗುರ ಎಣಿಸುವ ಕೆಲಸ ಕೊಟ್ಟಿದ್ದರು. ಕಡಿದ ತೇಗದ ಉಂಗುರ ನೋಡಿ ಯಾವ ವರ್ಷ ಮಳೆ ಚೆನ್ನಾಗಿತ್ತೆಂದು ಹೇಳುತ್ತಾರಂತೆ. ನಮ್ಮ ಹುಡುಗಿಗೆ ಸಿಕ್ಕಿದ್ದು ಕಸ. ಹಿತ್ತಲಲ್ಲಿ ಸೊಪ್ಪು, ಸಗಣಿ, ತರಕಾರಿ ಸಿಪ್ಪೆ ಒಟ್ಟಿ, ಗುಡ್ಡೆಗೆ ಉದ್ದನೆಯ ಥರ್ಮಾಮೀಟರ್ ಚುಚ್ಚಿ ಬರೆದುಕೊಳ್ಳಬೇಕು. ಆಮೇಲೆ ಅವರ ಮೇಡಮ್ಮ ಬಂದು ನೋಡುತ್ತಾರೆ. ಗುಡ್ಡೆ ಕೆಟ್ಟರೆ ಗೌರಿ ನಪಾಸು.

ಒಂದು ಬೆಳಗ್ಗೆ "ಅಜ್ಜೀ, ಎಷ್ಟ್ ಬಿಸಿ ಏರೇತಿ ನೋಡ ಬಾ!" ಎಂದು ಕುಣಿದಳು. ಕೈಯಿಟ್ಟು ನೋಡಿದೆ. ಕೆಂಡ! ನಮ್ಮಲ್ಲಿ ತಿಪ್ಪೆಯೆಂದರೆ ಲಕ್ಷ್ಮಿ. ದೀಪಾವಳಿಗೆ ಅದಕ್ಕೂ ದೀಪ ಇಡುತ್ತೇವೆ. ತಾಯಿಯ ಮೈ ಕಾದರೆ ಏನು ಮಾಡಬೇಕೆಂದು ಯಾವ ವಿಶ್ವವಿದ್ಯಾಲಯವೂ ನನಗೆ ಹೇಳಿಕೊಡಬೇಕಿರಲಿಲ್ಲ. ಗೌರಿ ನಾರಾಯಣಪೇಟೆಗೆ ಹೋಗಿದ್ದ ಎರಡು ದಿನ ಬೇವಿನ ಸೊಪ್ಪು ಹೊದಿಸಿ, ಕೊಡಗಟ್ಟಲೆ ನೀರು ಸುರಿದು, ಮೇಲೆ ಮಜ್ಜಿಗೆ ಎರೆದೆ. ತಾಯಿ ತಣ್ಣಗಾದಳು.

ಹಿಂದಿರುಗಿದ ಗೌರಿಯ ಮುಖ ಸಣ್ಣದಾಯಿತು. "ನಾಳೆ ಮೇಡಂ ಬರ್ತಾರ. ಬಿಸಿ ಇರಬೇಕಿತ್ತು, ಆರಿಹೋಗೇತಿ. ಏನ್ ತಪ್ಪಾತೋ ತಿಳೀವಲ್ದು ಅಜ್ಜಿ." ರಾತ್ರಿ ಅವಳಿಗೆ ಎರಡು ರೊಟ್ಟಿ ಹೆಚ್ಚು ಬಡಿಸಿದೆ, ಅಷ್ಟೇ.

ಮರುದಿನ ಮೇಡಮ್ಮ ಗುಡ್ಡೆ ಮುಟ್ಟಿ ನೋಡಿ ಗೌರಿಯನ್ನು ಗದರತೊಡಗಿದರು. ಹುಡುಗಿಯ ಕಣ್ಣು ತುಂಬಿದ್ದು ಬಾಗಿಲ ಸಂದಿಯಿಂದ ಕಂಡಿತು. ಹೊರಗೆ ಬಂದುಬಿಟ್ಟೆ. ಆಕೆ ತೆಲುಗಿನವರು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಷ್ಟು ತೆಲುಗು ನನಗುಂಟು, ತಪ್ಪೊಪ್ಪಿಕೊಳ್ಳುವಷ್ಟಿಲ್ಲ. ಕನ್ನಡದಲ್ಲೇ ಅಂದೆ: "ಹುಡುಗೀದು ತಪ್ಪಿಲ್ರೀ. ಜ್ವರ ಬಂದೈತಿ ಅಂತ ನಾನ ಇಳಿಸೀನ್ರಿ." ಅದನ್ನು ಗೌರಿಯೇ ತೆಲುಗಿಗೆ ತಿರುಗಿಸಬೇಕಾಯಿತು. ಅರ್ಧಕ್ಕೇ ಅವಳಿಗೆ ನಗು ತಡೆಯಲಾಗಲಿಲ್ಲ. ಮೇಡಮ್ಮನೂ ಸೆರಗು ಬಾಯಿಗಿಟ್ಟುಕೊಂಡರು. "ಪರವಾಲೇದಮ್ಮಾ," ಎಂದು ನನ್ನ ಕೈ ಹಿಡಿದು, ಒಣ ಎಲೆ ಬೆರೆಸಿ ಮಗುಚಿದರೆ ಮತ್ತೆ ಕಾಯುತ್ತದೆ ಎಂದರು. ಒಂದು ವಾರ ಗಡುವು ಕೊಟ್ಟರು. ಕಾಯಿತು. ಗೌರಿ ಪಾಸಾದಳು.

ಅವಳ ವರದಿಯಲ್ಲಿ, ಗುಡ್ಡೆ ನಡುವೆ ಒಮ್ಮೆ ತಣ್ಣಗಾಗಲು ಕಾರಣವೇನೆಂಬಲ್ಲಿ ನನ್ನ ಹೆಸರಿದೆ. ಕೇಳಿ ನಾಚಿ ತಲೆ ತಗ್ಗಿಸಿದೆ. ಆಮೇಲೆ ಎರಡು ಸಲ ಓದಿಸಿದೆ. ಮೂರನೆಯ ಸಲಕ್ಕೆ ನೆರೆಮನೆಯವರನ್ನೂ ಕರೆದೆ.