ನನ್ನ ಕಾಲೂ ತಿಂಗಳ ಫೋನೂ

ಈ ವರ್ಷದ ಚೈತ್ರ ಶುದ್ಧ ಬಿದಿಗೆ, ಅಂದರೆ ಯುಗಾದಿಯ ಮರುದಿನ ಸಂಜೆ, ಇಂದಿರಾನಗರದ ಒಂದು ಸಣ್ಣ ಸಭಾಂಗಣದಲ್ಲಿ ನಾನು ವೈದ್ಯರಿಗೆ ಉಪನ್ಯಾಸ ಕೊಟ್ಟೆ. ಆಧಾರ: ನಮ್ಮ ಅಡುಗೆಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರು. ಆ ದಿನದ ಚೌಕದಲ್ಲಿ ನನ್ನ ಹೆಂಡತಿ ಪದ್ಮ ‘ಗ್ಯಾಸ್ ಬುಕ್’ ಎಂದಷ್ಟೇ ಬರೆದಿದ್ದಾಳೆ, ಉಪನ್ಯಾಸದ ಉಲ್ಲೇಖವಿಲ್ಲ. ಆದರೆ ಗ್ಯಾಸ್ ಬುಕ್ ಮಾಡಿದ ಮೇಲೆಯೇ ನಾವು ಮನೆಯಿಂದ ಹೊರಟದ್ದರಿಂದ ದಿನಾಂಕದ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಇತಿಹಾಸದ ಸಂಶೋಧಕನಾಗಿ ನಿವೃತ್ತನಾದರೂ ನನಗೆ ಈ ಚಾಳಿ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತೇನೆ. ಒಮ್ಮೆ ತಾಳೆಯಾಗದ್ದನ್ನು ವಧುವಿನ ತಂದೆಗೆ ಫೋನ್ ಮಾಡಿ ತಿಳಿಸಿದೆ. ಅವರು ಧನ್ಯವಾದ ಹೇಳಿದರು. ಎರಡನೆಯ ಮಗಳ ಮದುವೆಗೆ ನಮ್ಮನ್ನು ಕರೆಯಲಿಲ್ಲ.

ಇತಿಹಾಸದವನಿಗೂ ವೈದ್ಯರ ಸಭೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ನನ್ನ ಎಡಗಾಲಿನದು. ನನಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದವು. ಹಲಸೂರಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿರುವ ಡಾಕ್ಟರ್ ಸೆಲ್ವಿಯವರ ಕ್ಲಿನಿಕ್ಕಿಗೆ ನಾನು ಹಳೆಯ ಗಿರಾಕಿ. ಜ್ವರ ಬಂದವನು ವೈದ್ಯರ ಬಳಿಗೆ ಓಡುತ್ತಾನೆ. ಸಕ್ಕರೆ, ರಕ್ತದೊತ್ತಡ ಇರುವವನು ಓಡುವುದಿಲ್ಲ, ಏಕೆಂದರೆ ಅವನಿಗೆ ಏನೂ ನೋಯುವುದಿಲ್ಲ. ಹಳೆಯ ಚೀಟಿಯನ್ನೇ ತೋರಿಸಿ ಔಷಧಿ ಅಂಗಡಿಯಲ್ಲಿ ಅದೇ ಮಾತ್ರೆ ಕೊಳ್ಳುತ್ತಾನೆ. ಪಾರ್ಕಿನಲ್ಲಿ ಯಾರೋ ಮೆಂತ್ಯದ ನೀರು ಎಂದರೆ ಮೆಂತ್ಯದ ನೀರು, ಹಾಗಲಕಾಯಿ ರಸ ಎಂದರೆ ಹಾಗಲಕಾಯಿ ರಸ. ಕೊನೆಗೊಂದು ದಿನ ಅವನನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಆ ಸುದ್ದಿ ಸೆಲ್ವಿಯವರಿಗೆ ಸೊಪ್ಪಿನವಳಿಂದ ತಿಳಿಯುತ್ತದೆ.

ಇದು ಸಾಕಾಗಿ ಅವರು ತಿಂಗಳ ನಿಗಾ ಎಂಬ ಏರ್ಪಾಡು ಮಾಡಿದರು. ದೀರ್ಘಕಾಲದ ಕಾಯಿಲೆಯವರಿಗೆಲ್ಲ ನರ್ಸ್ ಸ್ಟೆಲ್ಲಾ ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಮಾತ್ರೆ ತಗೊಂಡ್ರಾ, ಸಕ್ಕರೆ ಎಷ್ಟು, ಕಾಲು ನೋಡಿಕೊಂಡ್ರಾ ಎಂದು ವಿಚಾರಿಸಿ, ಉತ್ತರವನ್ನು ಕಂಪ್ಯೂಟರಿಗೆ ಸೇರಿಸುತ್ತಾಳೆ. ಡಾಕ್ಟರು ಅದನ್ನು ನೋಡಿ, ಬರಬೇಕಾದವರನ್ನು ಮಾತ್ರ ಕರೆಯುತ್ತಾರೆ. ಇದರಿಂದ ನಮಗೆ ಉಪಯೋಗವೆಂಬುದನ್ನು ಯಾರಾದರೂ ಊಹಿಸಬಹುದು. ಕ್ಲಿನಿಕ್ಕಿಗೆ ಆದ ಉಪಯೋಗ ನನ್ನ ಸ್ವಂತ ಅಧ್ಯಯನದ ಫಲ. ಸೋಮವಾರ ಬಾಗಿಲಲ್ಲಿ ನೆರೆಯುತ್ತಿದ್ದ ರೋಗಿಗಳ ಜಾತ್ರೆ ಕರಗಿತು. ಬರೀ ಚೀಟಿ ಬರೆಸಿಕೊಳ್ಳಲು ಬರುತ್ತಿದ್ದವರು ಫೋನಿನಲ್ಲೇ ಮುಗಿಸಿಕೊಂಡರು. ನಿಜವಾಗಿ ಕಷ್ಟದಲ್ಲಿದ್ದವರಿಗೆ ಡಾಕ್ಟರ ಸಮಯ ಸಿಕ್ಕಿತು. ನಿಗಾಕ್ಕೆಂದು ರೋಗಿಗಳು ಕೊಡುವ ಚಂದಾ ತಿಂಗಳು ತಿಂಗಳು ಬರತೊಡಗಿ, ಡೆಂಗ್ಯೂ ಕಾಲದಲ್ಲಿ ಮಾತ್ರ ತುಂಬುತ್ತಿದ್ದ ಗಲ್ಲಾ ವರ್ಷವಿಡೀ ಒಂದೇ ಸಮನಾಯಿತು. ದೂರ ಸರಿದಿದ್ದ ರೋಗಿಗಳು ಹಿಂದಿರುಗಿದರು. ಸೆಲ್ವಿಯವರು ಮಧ್ಯಾಹ್ನದ ಊಟವನ್ನು ಮಧ್ಯಾಹ್ನವೇ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟಾದರೂ ಒಂದು ತೊಡಕಿತ್ತು. ಒಂದು ಪುಟ್ಟ ಕ್ಲಿನಿಕ್ಕಿಗೆ ಸ್ಟೆಲ್ಲಾಳ ಪೂರ್ತಿ ಸಂಬಳ ಭಾರವಾಗಿತ್ತು. ದೊಮ್ಮಲೂರು, ಕಮ್ಮನಹಳ್ಳಿ, ಕೆ.ಆರ್. ಪುರದ ಸಣ್ಣ ಕ್ಲಿನಿಕ್ಕುಗಳು ಜೊತೆಗೂಡಿ ಅವಳನ್ನು ಹಂಚಿಕೊಂಡರೆ ಉಳಿಯುತ್ತಾಳೆ. ಇಲ್ಲವಾದರೆ ತಿಂಗಳ ಕೊನೆಗೆ ನಿಗಾ ನಿಲ್ಲುತ್ತದೆ, ಸ್ಟೆಲ್ಲಾ ಬೇರೆ ಕೆಲಸ ಹುಡುಕಬೇಕು. ಅದಕ್ಕಾಗಿಯೇ ಆ ಸಭೆ. “ಮೇಷ್ಟ್ರೇ, ನೀವೇ ಮಾತಾಡ್ಬೇಕು,” ಎಂದರು ಸೆಲ್ವಿ. “ನಾನು ಹೇಳಿದ್ರೆ ವ್ಯಾಪಾರ ಅಂದ್ಕೋತಾರೆ. ಪೇಷಂಟ್ ಹೇಳಿದ್ರೆ ಕೇಳ್ತಾರೆ. ಅದೇ, ಆ ಕಾಲಿನ ವಿಷಯ ಹೇಳಿ ಸಾಕು.”

ಸಾಕು ಎಂಬ ಮಾತು ಸಂಶೋಧಕನ ಕಿವಿಗೆ ಬೀಳುವುದಿಲ್ಲ. ನನ್ನ ಮೊದಲ ಕರಡು, ವೈದ್ಯರಿಗೆ ಭೂಮಿ ಬಿಟ್ಟುಕೊಟ್ಟ ಹಳೆಯ ದಾನಶಾಸನಗಳಿಂದ ಆರಂಭವಾಗುತ್ತಿತ್ತು. ಪದ್ಮ ಹಾಳೆಗಳನ್ನು ಕೈಯಲ್ಲೇ ತೂಗಿ ನೋಡಿದಳು.

“ಇದರಲ್ಲಿ ಕಾಲು ಎಲ್ಲಿ ಬರುತ್ತೆ?”

“ಬರುತ್ತೆ. ಪೀಠಿಕೆ ಮುಗಿಯಲಿ.”

“ಹಾಗಾದ್ರೆ ನಾನೂ ಬರ್ತೀನಿ. ಕೈ ತೋರಿಸಿ ನಿಲ್ಲಿಸೋಕೆ ಒಬ್ಬರಾದ್ರೂ ಬೇಕಲ್ಲ.”

ಯುಗಾದಿಯ ಮರುದಿನ, ಅಂದರೆ ಹೊಸತೊಡಕಿನ ದಿನ, ಕ್ಲಿನಿಕ್ಕುಗಳು ಖಾಲಿ ಇರುತ್ತವೆಂಬ ಲೆಕ್ಕದಲ್ಲಿ ಸಭೆಯನ್ನು ಅಂದೇ ಇಟ್ಟಿದ್ದರು. ಮನೆಯಲ್ಲಿ ಬಾಡೂಟ ಕಾದಿರುವಾಗ ಯಾವ ರೋಗಿ ತಾನೇ ಬರುತ್ತಾನೆ? ಆದರೆ ವೈದ್ಯರಿಗೂ ಮನೆಯಲ್ಲಿ ಬಾಡೂಟ ಕಾದಿರುತ್ತದೆಂಬುದನ್ನು ಯಾರೂ ಯೋಚಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಕೆ.ಆರ್. ಪುರದ ಡಾಕ್ಟರ್ ರೆಡ್ಡಿ ಕುಳಿತಿದ್ದರು. ಅವರ ಹಿರಿಯರು ಹೊಲ ಉಳುತ್ತಿದ್ದ ಜಾಗದಲ್ಲೇ ಈಗ ಅವರ ಕ್ಲಿನಿಕ್ಕಿದೆ. ಅವರು ಒಪ್ಪಿದರೆ ಮಿಕ್ಕವರು ಒಪ್ಪುತ್ತಾರೆಂದು ಸೆಲ್ವಿ ನನಗೆ ಮೊದಲೇ ಕಿವಿಯಲ್ಲಿ ಹೇಳಿದ್ದರು. ರೆಡ್ಡಿಯವರು ನನ್ನ ಹಾಳೆಗಳ ದಪ್ಪ ನೋಡಿ, “ಮಟನ್ ಸಾರು ಬಿಟ್ಟು ಬಂದಿದೀನಿ ಮೇಷ್ಟ್ರೇ, ಸ್ವಲ್ಪ ಕನಿಕರ ಇರಲಿ,” ಎಂದರು.

ನಾನು ಆರಂಭಿಸಿದೆ. ಶಾಸನದ ಕಾಲ ದಾಟುವಷ್ಟರಲ್ಲಿ ದೊಮ್ಮಲೂರಿನ ವೈದ್ಯರು ಫೋನ್ ಕೈಗೆತ್ತಿಕೊಂಡರು, ಕಮ್ಮನಹಳ್ಳಿಯವರು ಕಣ್ಣು ಮುಚ್ಚಿದರು. ಹಿಂದಿನ ಸಾಲಿನಲ್ಲಿ ಪದ್ಮಳ ಕೈ ಮೇಲೆದ್ದಿತ್ತು. ಅದು ನನಗೆ ಪ್ರೋತ್ಸಾಹದಂತೆ ಕಂಡಿತು. ಬಾಗಿಲ ಬಳಿ ಸ್ಟೆಲ್ಲಾ, ಫಲಿತಾಂಶ ಕಾಯುವವಳಂತೆ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಳು. ಅವಳನ್ನು ಕಂಡೊಡನೆ ಪೀಠಿಕೆಯ ಉಳಿದ ಭಾಗವನ್ನು ಕೈಬಿಟ್ಟು ನೇರವಾಗಿ ಕಾಲಿಗೆ ಬಂದೆ. ಕಳೆದ ದಸರೆಗೆ ಹೊಸ ಚಪ್ಪಲಿ ಕೊಂಡಿದ್ದು, ಆಯುಧಪೂಜೆಯ ಬೆಳಿಗ್ಗೆ ಸ್ಕೂಟರಿಗೆ ಕುಂಬಳಕಾಯಿ ಒಡೆಯುವಾಗ ಎಡಗಾಲಿನ ಹೆಬ್ಬೆರಳ ಕೆಳಗೊಂದು ಗುಳ್ಳೆ ಕಂಡಿದ್ದು, ನೋವಿಲ್ಲದಿದ್ದರೂ ಅಲಕ್ಷ್ಯ ಮಾಡದೆ, ಅಂದೇ ಸ್ಟೆಲ್ಲಾಳ ಫೋನ್ ಬಂದಾಗ ಸವಿವರವಾಗಿ ವರದಿ ಮಾಡಿದ್ದು, ಮರುದಿನವೇ ಡಾಕ್ಟರು ಕರೆದು ಹುಣ್ಣನ್ನು ಶುಚಿಮಾಡಿ ಬೆರಳು ಉಳಿಸಿದ್ದು. “ಜವಾಬ್ದಾರಿಯುತ ರೋಗಿಯೂ ಎಚ್ಚರದ ಕ್ಲಿನಿಕ್ಕೂ ಕೂಡಿದರೆ ಎಂಥ ಫಲ ದೊರೆಯುತ್ತದೆಂಬುದಕ್ಕೆ ಇದು ಸಾಕ್ಷಿ,” ಎಂದೆ. ವಾಕ್ಯ ಚೆನ್ನಾಗಿಯೇ ಬಂದಿತ್ತು.

“ಮೇಷ್ಟ್ರೇ, ನಿಮ್ಮಂಥ ಪೇಷಂಟ್ ಇದ್ರೆ ಯಾವ ನಿಗಾನೂ ಬೇಡ,” ಎಂದರು ರೆಡ್ಡಿ. “ನಮ್ಮೋರು ಕೇಳಿದ್ದಕ್ಕೆಲ್ಲ ಚೆನ್ನಾಗಿದೀನಿ ಅಂತಾರೆ. ಫೋನ್ ಮಾಡಿ ಏನು ಪ್ರಯೋಜನ?”

ಅವರು ಎದ್ದೇಳುವ ಲಕ್ಷಣ ಕಂಡಿತು. ಸೆಲ್ವಿಯವರ ಮುಖ ಸಣ್ಣಗಾಯಿತು. ವಾದದಲ್ಲಿ ಸೋಲುವ ಹಂತ ಬಂದಾಗ ಸಂಶೋಧಕನಿಗೆ ಒಂದೇ ದಾರಿ. “ನನ್ನ ಮಾತನ್ನು ನಂಬಬೇಡಿ, ಮೂಲ ದಾಖಲೆ ನೋಡಿ,” ಎಂದೆ. “ಡಾಕ್ಟ್ರೇ, ಆ ದಿನದ ಕರೆಯ ಟಿಪ್ಪಣಿಯನ್ನು ಪರದೆಯ ಮೇಲೆ ಹಾಕಿ.”

“ಬೇಡ ಬಿಡಿ ಮೇಷ್ಟ್ರೇ,” ಎಂದರು ಸೆಲ್ವಿ.

“ಹಾಕಲೇಬೇಕು.”

ಆ ಟಿಪ್ಪಣಿಯನ್ನು ನಾನು ಮೊದಲೇ ಓದಿರಲಿಲ್ಲವೇ ಎಂದು ಕೇಳಿದರೆ, ಇಲ್ಲ. ಘಟನೆಗೆ ನಾನೇ ಪ್ರತ್ಯಕ್ಷದರ್ಶಿ. ಪರಿಶೀಲನೆ ಬೇಕಾಗುವುದು ಮಿಕ್ಕವರಿಗೆ. ಪರದೆಯ ಮೇಲೆ ಇಂಗ್ಲಿಷಿನ ನಾಲ್ಕಾರು ಸಾಲು ಮೂಡಿದವು. ರೆಡ್ಡಿಯವರು ಕನ್ನಡಕ ಏರಿಸಿ, ಕನ್ನಡಕ್ಕೆ ತಿರುಗಿಸುತ್ತಾ ಗಟ್ಟಿಯಾಗಿ ಓದಿದರು. “ಪೇಷಂಟು ಕಾಲು ಚೆನ್ನಾಗಿದೆ ಎಂದರು. ಕಾಲು ನೋಡಿಕೊಂಡಿರಾ ಎಂದು ಕೇಳಿದ್ದಕ್ಕೆ, ದೊಮ್ಮಲೂರಿನ ಕಲ್ಲಿನ ಬರಹದ ಬಗ್ಗೆ ತಿಳಿಸಿದರು. ಹೆಂಡತಿ ಫೋನ್ ಕಸಿದುಕೊಂಡು, ಹುಣ್ಣು ಇದೆ, ಸಾಕ್ಸ್ ಹಾಕಿ ಮುಚ್ಚಿಟ್ಟಿದ್ದಾರೆ ಎಂದರು. ನಾಳೆ ಕರೆತರುತ್ತಾರೆ. ಬರುವುದಿಲ್ಲ ಎಂದು ಪೇಷಂಟು ಹಿಂದಿನಿಂದ ಹೇಳುತ್ತಿದ್ದಾರೆ.” ಓದಿ ಮುಗಿಸಿ ಮೇಲಿನ ದಿನಾಂಕ ನೋಡಿದರು. “ಇದು ದೀಪಾವಳಿ ಹಿಂದಿನ ವಾರದ್ದು ಮೇಷ್ಟ್ರೇ. ಆಯುಧಪೂಜೆ ಆಗಿ ಎಷ್ಟೋ ದಿನ ಆಗಿತ್ತು.”

ಕಮ್ಮನಹಳ್ಳಿಯವರು ಕಣ್ಣು ತೆರೆದರು. ದೊಮ್ಮಲೂರಿನವರು ಫೋನ್ ಕೆಳಗಿಟ್ಟರು. ನನ್ನ ಇಡೀ ಭಾಷಣದಲ್ಲಿ ಸಭೆ ಇಷ್ಟು ತನ್ಮಯವಾದದ್ದು ಅದೇ ಮೊದಲು.

ರೆಡ್ಡಿಯವರು ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರು. “ಅಮ್ಮಾ, ನೀವು ಹೇಳಿ. ಏನಾಯ್ತು?”

ಪದ್ಮ ಎದ್ದು ನಿಲ್ಲಲಿಲ್ಲ. “ಏನಿಲ್ಲ ಡಾಕ್ಟ್ರೇ. ಇವರ ಜೊತೆ ಕ್ಲಿನಿಕ್ಕಿಗೆ ಹೋದ್ರೆ ನನ್ನ ಹೊರಗೇ ಕೂರಿಸಿ ತಾವೊಬ್ರೇ ಒಳಗೆ ಹೋಗ್ತಾರೆ. ಒಳಗೆ ಏನು ಹೇಳಿದ್ರೋ, ಏನು ಬಿಟ್ರೋ ದೇವರೇ ಬಲ್ಲ. ಫೋನಲ್ಲಾದ್ರೆ ಹಾಗಾಗಲ್ಲ. ಈ ಸ್ಟೆಲ್ಲಾ ಇವರ ಕಥೆ ಎಲ್ಲ ಕೇಳಿ ಆದ್ಮೇಲೆ, ಅಮ್ಮನ ಹತ್ರ ಒಂದ್ನಿಮಿಷ ಕೊಡಿ ಸಾರ್ ಅಂತಾಳೆ. ಆ ಸಲ ಇವರು ಕೊಡ್ಲಿಲ್ಲ, ನಾನೇ ತಗೊಂಡೆ. ಅಷ್ಟೇ.”

ರೆಡ್ಡಿಯವರು ತೊಡೆ ತಟ್ಟಿಕೊಂಡು ನಗತೊಡಗಿದರು. “ಪೇಷಂಟ್ ಸುಳ್ಳು ಹೇಳಿದ್ರೂ ನಡೆಯುತ್ತೆ ಅನ್ನಿ! ಅದನ್ನ ಮೊದಲೇ ಹೇಳೋದಲ್ವಾ? ನಮ್ಮ ಕಡೆ ಗಂಡಸರೆಲ್ಲ ಹಿಂಗೇ, ಹೆಂಗಸರೆಲ್ಲ ಬಾಗಿಲ ಹೊರಗೇ. ನಮ್ಮಪ್ಪನಿಂದಲೇ ಶುರು ಮಾಡ್ಕೊಳ್ಳಮ್ಮಾ ಸ್ಟೆಲ್ಲಾ. ಎಂಥ ಫೋನ್ ಬಂದ್ರೂ ಕಟ್ ಮಾಡ್ತಾನೆ, ಅಮ್ಮನ ನಂಬರ್ ಕೊಡ್ತೀನಿ.” ಸ್ಟೆಲ್ಲಾ ತಮಿಳು ಬೆರೆತ ತನ್ನ ಕನ್ನಡದಲ್ಲಿ, “ನಂಬರ್ ಕುಡುಂಗೋ ಸಾರ್, ನಾಳೆನೇ ಮಾಡ್ತೀನಿ,” ಎಂದಳು. ಕಮ್ಮನಹಳ್ಳಿಯವರೂ ದೊಮ್ಮಲೂರಿನವರೂ ಒಪ್ಪಿದರು. ಅವರು ಒಪ್ಪಿದ್ದು ವಾದ ಕೇಳಿಯೋ, ಮಟನ್ ಸಾರು ನೆನೆದೋ, ನಿರ್ಣಯಿಸಲು ಆಧಾರ ಸಾಲದು. ಅಂತೂ ತಿಂಗಳ ಕೊನೆಗೆ ಸ್ಟೆಲ್ಲಾ ಎಲ್ಲಿಗೂ ಹೋಗಲಿಲ್ಲ. ಈಗ ಮೂರು ಬಡಾವಣೆಯ ಗಂಡಂದಿರ ನಿಜಸ್ಥಿತಿ ಹಲಸೂರಿಗೆ ತಿಂಗಳಿಗೊಮ್ಮೆ ವರದಿಯಾಗುತ್ತಿದೆ.

ಮೊನ್ನೆ ಸೆಲ್ವಿಯವರು ಆ ಸಭೆಯ ನಡಾವಳಿಯನ್ನು ಎಲ್ಲರಿಗೂ ಕಳುಹಿಸಿದರು. ನಿರ್ಣಯಗಳು ಸರಿಯಾಗಿವೆ, ತಿಥಿಯೂ ವಾರವೂ ತಾಳೆಯಾಗುತ್ತವೆ. ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲಿ ನಮೂದಿಸುವುದು ನನ್ನ ಕರ್ತವ್ಯ. ಅಂದು ಮುಖ್ಯ ಉಪನ್ಯಾಸ ಮಾಡಿದವನು ನಾನೆಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ನಡಾವಳಿಯ ಪ್ರಕಾರ ಮುಖ್ಯ ಭಾಷಣಕಾರರು ಶ್ರೀಮತಿ ಪದ್ಮ. ನನ್ನ ಹೆಸರು ‘ಪ್ರದರ್ಶಿಸಲಾದ ಉದಾಹರಣೆ’ ಎಂಬ ಶೀರ್ಷಿಕೆಯ ಕೆಳಗಿದೆ.