ಚಾರ್ಜು ಕೊಡದೇ ಹೋದ ಹಳೇ ಸಾಹೇಬ

ನಾಗಪುರದ ಕೇಂದ್ರ ಸರ್ಕಾರಿ ಕಚೇರಿಯೊಂದರ ಉಗ್ರಾಣವನ್ನು ಮೂವತ್ತಾರು ವರ್ಷ ಆಳಿದ ಲಕ್ಷ್ಮೀಕಾಂತ ನಾನೇ. ನನ್ನ ಕಾಲದಲ್ಲಿ ಸೊಳ್ಳೆಗಳು ಕೂಡ ಗೇಟ್‌ಪಾಸ್ ತೋರಿಸಿ ಹೊರಗೆ ಹೋಗುತ್ತಿದ್ದವು! ಮೊಂಡು ಟೈಪ್‌ರೈಟರು, ಹಟಮಾರಿ ಫ್ಯಾನು, ಅವೆರಡಕ್ಕಿಂತ ಹಟಮಾರಿ ಗುಮಾಸ್ತರು, ಎಲ್ಲರೂ ನನ್ನ ಒಂದೇ ಕೆಮ್ಮಿಗೆ ದಾರಿಗೆ ಬಂದವರು. ಹೀಗಿರುವಾಗ ಮಡಚಿದರೆ ಚೀಲದೊಳಗೆ ಹೋಗುವ ಒಂದು ಲ್ಯಾಪ್‌ಟಾಪು ನನಗೆ ಯಾವ ಲೆಕ್ಕ?

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಹನ್ನೊಂದು ವರ್ಷದ ಲ್ಯಾಪ್‌ಟಾಪಿನ ಮೇಲೆ ಒಂದು ನೋಟೀಸು ಮೂಡಿತು. 'ಹೊಸ ಆಪರೇಟಿಂಗ್ ಸಿಸ್ಟಮ್ ಈ ಯಂತ್ರಕ್ಕೆ ಒಗ್ಗುವುದಿಲ್ಲ.' ಒಗ್ಗುವುದಿಲ್ಲವಂತೆ! ಧಾರವಾಡದ ನಾನು ನಾಗಪುರದ ಮೇ ತಿಂಗಳಿಗೆ ಒಗ್ಗಿಲ್ಲವೇ? ಜಗತ್ತಿನ ಜನರೆಲ್ಲ ಸೇರಿ ಬರೆದು ಹಂಚುವ, ಎಂಥ ಹಳೆಯ ಯಂತ್ರದ ಮೇಲೂ ಓಡುವ ಇನ್ನೊಂದು ಸಿಸ್ಟಮ್ ಇದೆಯೆಂದು ಓದಿದ್ದೆ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ.

"ಅದನ್ನ ಮುಟ್ಟಬ್ಯಾಡ್ರಿ," ಅಡುಗೆಮನೆಯಿಂದ ವಿಜಯಾ ಕೂಗಿದಳು. "ನಾಲ್ಕಕ್ಕ ನನ್ನ ಕ್ಲಾಸ್ ಅದ. ಇವತ್ತ ತನ್ವಿ ಓದ್ತಾಳ."

ನಾಗಪುರದ ಕನ್ನಡ ಮನೆಗಳ ಹನ್ನೆರಡು ಮಕ್ಕಳಿಗೆ ನನ್ನ ಹೆಂಡತಿ ಭಾನುವಾರ ಭಾನುವಾರ ಲ್ಯಾಪ್‌ಟಾಪಿನಲ್ಲಿ ಕನ್ನಡ ಅಕ್ಷರ ಕಲಿಸುತ್ತಾಳೆ. ಮರಾಠಿಯಲ್ಲಿ ನಕ್ಕು ಹಿಂದಿಯಲ್ಲಿ ಜಗಳಾಡುವ ಮಕ್ಕಳು. ಅವರಲ್ಲಿ ಎಂಟು ವರ್ಷದ ತನ್ವಿಯ ಅಜ್ಜಿ, ಧಾರವಾಡದ ಹಂಸಕ್ಕ, ಒಂದು ಮದುವೆ ಮನೆಯಲ್ಲಿ ಮುನ್ನೂರು ಜನರೆದುರು ಹೇಳಿದ್ದಳು: "ನಾಗಪುರದ ಕೂಸು ಕನ್ನಡಾ ಓದ್ತದಂತ? ನಾ ಸತ್ತ ಮ್ಯಾಲೆ ಓದ್ತದ!" ವಿಜಯಾ ಅಲ್ಲೇ ಮಾತು ಕೊಟ್ಟಿದ್ದಳು: "ನೀವು ಇರೂದ್ರಾಗ ಓದಸ್ತೀನಿ." ಆ ದಿನ ಇದೇ. ನಾಲ್ಕಕ್ಕೆ ಹಂಸಕ್ಕ ಧಾರವಾಡದಿಂದ ಪರದೆಗೆ ಬರುವವಳಿದ್ದಳು. ನಾಲ್ಕೂವರೆಗೆ ಕಣ್ಣಿನ ಡಾಕ್ಟರ ಹತ್ತಿರ ಹೊರಡುವವಳೂ ಹೌದು.

"ಇನ್ನೂ ಆರು ತಾಸು ಅದ. ನನಗ ಅರ್ಧಾ ತಾಸು ಭಾಳಾತು!" ಎಂದೆ.

ಪೆನ್‌ಡ್ರೈವು ಮೊದಲು ಭಾಷೆ ಕೇಳಿತು. ಕನ್ನಡ ಎಂದೆ, ಎದೆಯುಬ್ಬಿಸಿ. ಆಮೇಲೆ ಕೇಳಿತು: 'ಮೊದಲು ಚಾಲನೆ ಮಾಡಿ ಪರೀಕ್ಷಿಸುವಿರಾ, ನೇರವಾಗಿ ಅಳವಡಿಸುವಿರಾ?' ಪ್ರೊಬೇಷನ್ ಏಕೆ? ನೇರ ಖಾಯಂ ನೇಮಕ! ಮೂರನೆಯ ಪ್ರಶ್ನೆ: 'ಹಳೆಯದರ ಪಕ್ಕದಲ್ಲೇ ಇರಿಸಲೇ, ಹಳೆಯದನ್ನು ಅಳಿಸಲೇ?'

ಇಲ್ಲಿ ನನ್ನ ಮೂವತ್ತಾರು ವರ್ಷದ ನೌಕರಿ ಕೈ ಹಿಡಿದು ಎಳೆಯಿತು. ಒಂದೇ ಕುರ್ಚಿಯ ಮೇಲೆ ಇಬ್ಬರು ಸಾಹೇಬರೇ? ಯಾವ ನಿಯಮದಲ್ಲಿದೆ? ಹೊಸಬ ಬಂದನೆಂದರೆ ಹಳಬನಿಗೆ ಹಾರ ಹಾಕಿ ಬೀಳ್ಕೊಡಬೇಕು. ಅಳಿಸು ಎಂದು ಒತ್ತಿದೆ. ಮನಸ್ಸಿನಲ್ಲೇ ಬೀಳ್ಕೊಡುಗೆ ಭಾಷಣವನ್ನೂ ಮಾಡಿದೆ. ಪಾಠಗಳನ್ನೆಲ್ಲ ವಿಜಯಾ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಇಲ್ಲದಿದ್ದರೆ ಇದನ್ನು ಬರೆಯಲು ನಾನು ಉಳಿದಿರುತ್ತಿರಲಿಲ್ಲ.

ಹೊಸ ಸಾಹೇಬ ಜೋರಾಗಿಯೇ ಬಂದ. ಹಳಬ ಏಳಲು ಹತ್ತು ನಿಮಿಷ ಮೈಮುರಿಯುತ್ತಿದ್ದ; ಇವನು ಕಣ್ಣು ಮಿಟುಕಿಸುವಷ್ಟರಲ್ಲಿ ಹಾಜರು! ಆದರೆ ವೈಫೈ ಎಲ್ಲಿ? 'ಸಾಧನ ಕಂಡುಬಂದಿಲ್ಲ' ಎಂದ. ವೈಫೈಗೆ ಡ್ರೈವರ್ ಎಂಬ ದುಭಾಷಿ ಬೇಕಂತೆ. ಡ್ರೈವರ್ ಎಲ್ಲಿ ಸಿಗುತ್ತದೆ? ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಹೇಗೆ ಬರುತ್ತದೆ? ವೈಫೈಯಿಂದ!

ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ತಿರುಪು ಬಿಚ್ಚಿ ಹೊಟ್ಟೆ ತೆರೆದೆ. ಭೂತಗನ್ನಡಿ ಹಿಡಿದು ಹುಡುಕಿದರೆ ಹೆಬ್ಬೆರಳಿನ ಉಗುರಿನಷ್ಟು ಒಂದು ಹಸಿರು ಚೂರು. ಇದೇ ವೈಫೈ! ಗಾಳಿಯಲ್ಲಿ ಹೋಗುವ ಮಾತನ್ನೆಲ್ಲ ಹಿಡಿಯುವ ಈ ಚೂರಿಗೆ ಪಕ್ಕದಲ್ಲಿ ಕೂತವನ ಮಾತೇ ತಿಳಿಯುವುದಿಲ್ಲವಲ್ಲ! ಒಂದೊಂದು ಭಾಗ ಒಂದೊಂದು ದೇಶದ್ದು. ಇವರನ್ನೆಲ್ಲ ಇಷ್ಟು ವರ್ಷ ಮಾತಾಡಿಸುತ್ತಿದ್ದವರು ಯಾರು? ನೋಡುತ್ತಾ ನೋಡುತ್ತಾ ಮಧ್ಯಾಹ್ನ ಮೂರು ಹೊಡೆಯಿತು. ಮುಚ್ಚುವಾಗ ಎರಡು ತಿರುಪು ಹೆಚ್ಚಾಗಿ ಉಳಿದವು.

"ಏನ್ರೀ, ಆತೇನು?"

"ಸಂಶೋಧನಾ ನಡದದ!"

"ಸಂಶೋಧನಾ ಸಾಕು. ಮ್ಯಾಲಿನ ರಘೂನ್ನ ಕರೀರಿ!"

ಮೇಲಿನ ಮನೆಯ ರಘುನಂದನ ಬೆಂಗಳೂರಿನವನು. ಊರ ಹೊರಗಿನ ಐಟಿ ವಲಯ ಮಿಹಾನ್‌ನ ಕಂಪನಿಯೊಂದರಲ್ಲಿ ಇಂಜಿನಿಯರು. ಇಳಿದು ಬಂದವನು ಹೊಟ್ಟೆ ಬಿಚ್ಚಿದ ಗುರುತು ನೋಡಿ ಹಿಂದೆ ಸರಿದ.

"ಅಂಕಲ್, ನಾನು ಕ್ಲೌಡ್‌ನಲ್ಲಿ ಕೆಲ್ಸ ಮಾಡೋನು. ನೆಲದ ಮೇಲಿರೋ ಮಿಷನ್ ಮುಟ್ಟಿ ಆರು ವರ್ಷ ಆಯ್ತು."

"ಹಂಗಾರ ನಿನ್ನ ಲ್ಯಾಪ್‌ಟಾಪ್ ಕೊಡಪಾ," ಎಂದಳು ವಿಜಯಾ.

"ಅದು ಕಂಪನೀದು ಆಂಟಿ. ಹೊರಗಿನ ಮೀಟಿಂಗ್ ಒಂದೂ ತೆರೆಯಲ್ಲ."

ಫೋನಿನ ಅಂಗೈಯಗಲದ ಪರದೆಯಲ್ಲಿ ಹನ್ನೆರಡು ಮಕ್ಕಳು ಹಿಡಿಯುವುದಿಲ್ಲ. ರಘು ಆದರೂ ಹುಷಾರಿನವನು. ವಿಜಯಾಳ ಫೋನನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಇಂಟರ್ನೆಟ್ ತಂದ. "ಬಂತು ನೋಡ್ರಿ!" ಎಂದು ನಾನೇ ತಂದವನಂತೆ ಕೂಗಿದೆ. ಕ್ಯಾಮೆರಾ ಹಾಕಿದ. ಪರದೆಯ ಮೇಲೆ ನನ್ನ ಹೆಂಡತಿ ತಲೆಕೆಳಗಾಗಿ ನೇತಾಡುತ್ತಿದ್ದಳು! ಫ್ಯಾನು ನೆಲದಲ್ಲಿ, ಕುರ್ಚಿ ಛಾವಣಿಯಲ್ಲಿ.

"ಇದೇನ್ರೀ! ಹುಡುಗ್ರಿಗೆ ನಾ ಬಾವಲಿ ಹಂಗ ಪಾಠಾ ಹೇಳಲೇನು?"

ರಘು ಅಲ್ಲಿ ಇಲ್ಲಿ ಓದಿ ತಲೆ ತೂಗಿದ. "ಅಂಕಲ್, ಈ ಮಾಡೆಲ್‌ನಲ್ಲಿ ಕ್ಯಾಮೆರಾನ ಫ್ಯಾಕ್ಟರಿಯಲ್ಲೇ ಉಲ್ಟಾ ಕೂರಿಸಿದ್ದಾರೆ. ಹಳೇ ಸಿಸ್ಟಮ್‌ಗೆ ಅದು ಗೊತ್ತಿತ್ತು. ದಿನಾ ತಿರುಗಿಸಿ ತೋರಿಸ್ತಿತ್ತು. ಹೊಸದಕ್ಕೆ ಯಾರೂ ಹೇಳಿಲ್ಲ."

ಹನ್ನೊಂದು ವರ್ಷ! ಒಂದು ದಿನ ದೂರಲಿಲ್ಲ, ಒಂದು ಟಿಪ್ಪಣಿ ಬರೆಯಲಿಲ್ಲ, ಆ ಹಳೇ ಸಾಹೇಬ ಸುಮ್ಮನೆ ತಿರುಗಿಸುತ್ತಾ ಬಂದಿದ್ದಾನೆ. ಅವನಿಂದ ಚಾರ್ಜು, ಅಂದರೆ ಹೊಸಬನಿಗೆ ಒಪ್ಪಿಸಬೇಕಾದ ಕೆಲಸಗಳ ಪಟ್ಟಿ, ಬರೆಸಿಕೊಳ್ಳದೆ ಬೆಳಿಗ್ಗೆ ಮನೆಗೆ ಕಳಿಸಿದವನು, ಇಡೀ ಕಚೇರಿಗೆ ಚಾರ್ಜು ಪಟ್ಟಿಯ ಪಾಠ ಹೇಳುತ್ತಿದ್ದ ನಾನು!

"ಸರಿಮಾಡಲಿಕ್ಕೆ ಎಷ್ಟೊತ್ತು ಬೇಕು?"

"ಎರಡು ಗಂಟೆ."

ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ.

ವಿಜಯಾ ಒಂದು ಕ್ಷಣ ಲ್ಯಾಪ್‌ಟಾಪನ್ನು ನೋಡಿದಳು, ಒಂದು ಕ್ಷಣ ನನ್ನನ್ನು. "ಕ್ಯಾಮೆರಾ ಉಲ್ಟಾ ಅದ ಅಂದ್ರ ಮಿಷನ್ ಉಲ್ಟಾ ಹಿಡೀರಿ. ಬರೋಬರ್ ಆಗ್ತದ."

ಆಯಿತು! ಎರಡು ಅವಲಕ್ಕಿ ಡಬ್ಬಿಗಳ ಮೇಲೆ ಪರದೆ ತಲೆಕೆಳಗಾಗಿ ನಿಂತಿತು. ಕೀಲಿಮಣೆ ಅವಳ ನೆತ್ತಿಯ ಮೇಲೆ ಚಪ್ಪರದಂತೆ ಚಾಚಿತು. ರಘು ಪರದೆಯ ಚಿತ್ರವನ್ನೂ ತಿರುಗಿಸಿಕೊಟ್ಟ. ಚಪ್ಪರಕ್ಕೆ ಕಂಬ ಬೇಕಲ್ಲ? ಕಂಬ ನಾನೇ. ವಿಜಯಾಳ ಹಿಂದೆ ನಿಂತು ಎರಡೂ ಕೈ ಎತ್ತಿ ಹಿಡಿದೆ. ಅದಕ್ಕೂ ಮೊದಲು ವಿಜಯಾ ರಘುವಿನ ಕಿವಿಯಲ್ಲಿ ಏನೋ ಹೇಳಿದ್ದಳು. ಅವನು ನನ್ನ ಕಡೆ ನೋಡಿ ನಕ್ಕು ಲ್ಯಾಪ್‌ಟಾಪಿನಲ್ಲಿ ಎರಡು ಸಾಲು ಟೈಪು ಮಾಡಿದ್ದ.

ನಾಲ್ಕು ಹೊಡೆಯಿತು. ಹಂಸಕ್ಕ ಬಂದಳು. "ವಿಜಯಾ, ನಿನ್ನ ಹಿಂದ ಕೈ ಎತ್ತಿ ನಿಂತಾವರು ಯಾರ? ಪೋಲೀಸ್ರು ಹಿಡದಾರೇನು?"

"ಇಲ್ಲ ಹಂಸಕ್ಕ, ನಮ್ಮನಿಯವ್ರು. ಕೆಲಸಕ್ಕ ಬರ್ಲಿ ಅಂತ ಹಚ್ಚೀನಿ."

ತನ್ವಿ ಬೆರಳಿಟ್ಟು, ತಾನೇ ಬರೆದದ್ದನ್ನು ಓದಿದಳು: "ಹಂಸಜ್ಜಿ, ನಮ್ಮ ಕೂಲರ್ ಒಳಗ ಪಾರಿವಾಳ ತತ್ತಿ ಇಟ್ಟದ. ಅದಕ್ಕ ನಾವು ಕೂಲರ್ ಹಚ್ಚೂದಿಲ್ಲ. ಅಪ್ಪಗ ಭಾಳ ಸೆಕಿ ಆಗ್ತದ. ಪಾರಿವಾಳಕ್ಕ ಆಗೂದಿಲ್ಲ."

ಪರದೆಯಲ್ಲಿ ಹಂಸಕ್ಕನ ಮುಖ ಕಾಣಲಿಲ್ಲ. ನೆಟ್ ಹೋಯಿತೆಂದುಕೊಂಡೆ. ನೆಟ್ ಇತ್ತು, ಹಂಸಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. "ಇನ್ನೊಮ್ಮೆ ಓದವ್ವಾ," ಎಂದಳು. ತನ್ವಿ ಐದು ಸಲ ಓದಿದಳು. ಐದೂ ಸಲ ನಾನು ಕೈ ಇಳಿಸಲಿಲ್ಲ.

ಕ್ಲಾಸು ಮುಗಿಯಿತು. ವಿಜಯಾ ರಘುವಿಗೆ ಚಹಾ ಮಾಡಲು ಒಳಗೆ ಹೋದಳು, ರಘು ಅವಳ ಹಿಂದೆ. ನನಗಿನ್ನೂ ಛಲ. ಕ್ಯಾಮೆರಾ ನೆಟ್ಟಗೆ ಮಾಡುವ ಆಜ್ಞೆಯೊಂದನ್ನು ಫೋನಿನಲ್ಲಿ ಹುಡುಕಿ, ಲ್ಯಾಪ್‌ಟಾಪನ್ನು ಡಬ್ಬಿಗಳಿಂದ ಇಳಿಸಿ, ಮರಗಟ್ಟಿದ ಬೆರಳುಗಳಿಂದ ಕುಟ್ಟಿದೆ.

"ನಡಿ, ತಿರುಗು! ಇದು ಸಾಹೇಬನ ಹುಕುಂ!" ಎಂದು ಗುಂಡಿ ಒತ್ತಿದೆ.

ಯಂತ್ರ ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟಿತು:

'ಲಕ್ಷ್ಮೀಕಾಂತ ಅವರು ಈ ಗಣಕಯಂತ್ರದ ಅಧಿಕಾರಿಗಳ ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ಮೇಲಧಿಕಾರಿ ವಿಜಯಾ ಅವರಿಗೆ ವರದಿ ಮಾಡಲಾಗಿದೆ.'