ಅಪ್ಪನ ಕುರ್ಚಿ, ಮಗಳ ಪರೇಡ್

ನಮ್ಮ ಮನೆಯವರಿಗೆ ಒಂದು ಕಾಯಿಲೆಯಿದೆ. ಬೆಳಗಾವಿಯ ಯಾವ ಡಾಕ್ಟರರ ಬಳಿಯೂ ಅದಕ್ಕೆ ಮದ್ದಿಲ್ಲ. ಯಾರಾದರೂ ನಿಂತಿರುವುದನ್ನು ಕಂಡರೆ ಅವರಿಂದ ತಡೆದುಕೊಳ್ಳಲಾಗುವುದಿಲ್ಲ! ಮಹಾಂತೇಶ ನಗರದ ನಮ್ಮ ಮನೆಗೆ ಸಿಲಿಂಡರ್ ತಂದವನಿಗೂ ಕುರ್ಚಿ, ಕರೆಂಟ್ ಬಿಲ್ ಕೊಡಲು ಬಂದವನಿಗೂ ಕುರ್ಚಿ. "ಮೊದಲ ಕುಂದರ್ರಿ, ಆಮ್ಯಾಲ ಮಾತು." ಒಮ್ಮೆ ಪಕ್ಕದ ಮನೆಯವರು ಜಗಳಕ್ಕೆಂದೇ ಬಂದು, ಕುಳಿತು, ಚಹಾ ಕುಡಿದು ಹೋದರು. ಬಂದ ಕಾರಣ ಅವರಿಗೆ ನೆನಪಾದದ್ದು ಮರುದಿನವಂತೆ.

ಇಂಥವರ ಮಗಳು ಕಾಲೇಜಿನಲ್ಲಿ ಕೆಡೆಟ್ ಆದರೆ ಏನಾಗಬೇಡ? ಮೊದಲ ಪರೇಡ್ ಮುಗಿಸಿ ಬಂದವಳು, "ಬಿಸಲಾಗ ತಾಸಗಟ್ಲೆ ಅಲ್ಲಾಡದ ನಿಂತಿದ್ವಿ" ಎಂದಳು. ಇವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಏನ ತಪ್ಪ ಮಾಡಿದ್ರಿ?"

"ತಪ್ಪಲ್ಲಪ್ಪ, ಶಿಸ್ತು."

"ಕೂಸಿನ್ನ ಬಿಸಲಾಗ ನಿಂದರಸೂದು ಯಾವ ಸೀಮಿ ಶಿಸ್ತು?" ಎಂದು ನನ್ನನ್ನು ಕೇಳಿದರು. ನಾನೇನು ಸೇನಾಪತಿಯೇ?

ಖಾನಾಪುರದಲ್ಲಿ ಶಿಬಿರವೆಂದು ಅವಳು ಹೊರಟ ಮೇಲೆ ಒಂದೆರಡು ದಿನ ಹೇಗೋ ತಡೆದರು. ಆಮೇಲೆ ರೊಟ್ಟಿ ಕಟ್ಟಿಸಿಕೊಂಡು, "ಹೆಸರ ತಗಸಿ ಕರಕೊಂಡ ಬರೂಣು, ನಡಿ" ಎಂದು ಎದ್ದರು. ಬಸ್ಸಿನಲ್ಲಿ ಕಂಡಕ್ಟರನಿಗೂ ಕುಂದರ್ರಿ ಎಂದರು. "ನಾ ಕುಂತ್ರ ಟಿಕೀಟ ಯಾರ ಕೊಡ್ತಾರ್ರಿ?" ಎಂದು ಆತ ಮುಂದೆ ಹೋದ.

ಶಿಬಿರದ ಗೇಟಿನಲ್ಲಿ ಕಾವಲಿಗೆ ನಿಂತವಳು ನಮ್ಮ ಮಗಳೇ! ಮೂಗು ಬಿಸಿಲಿಗೆ ಕಪ್ಪಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

"ಸಾಕ ನಡಿಯವ್ವಾ, ಮನಿಗೆ ಹೋಗೂಣು."

ಅವಳು ಕದಲಲಿಲ್ಲ. "ಪರವಾನಗಿ ಇಲ್ಲದ ಒಳಗ ಬಿಡಾಕ ಬರೂದಿಲ್ರಿ. ಅಲ್ಲೇ ನಿಂದರ್ರಿ."

ದಿನಾ ಅಪ್ಪನ ಹೆಗಲಿಗೆ ಜೋತು ಬೀಳುವವಳು ಹೀಗೆಂದಳು. ಇವರು ಗೇಟಿನ ಹೊರಗೇ ನಿಂತರು. ರಸ್ತೆಯಾಚೆಯ ಚಹಾದಂಗಡಿಯವನಿಗೆ ಕನಿಕರ ಬಂದು ಕುರ್ಚಿ ತಂದಿಟ್ಟ. "ಕುಂದರ್ರಿ ಸಾಹೇಬ್ರ, ಡ್ಯೂಟಿ ಮುಗ್ಯಾಕ ಇನ್ನಾ ಟೈಮ್ ಐತಿ."

ಊರಿಗೆಲ್ಲ ಕುರ್ಚಿ ಹಾಕಿದವರು ಆ ಕುರ್ಚಿಯನ್ನು ನೋಡಿದರು, ಮಗಳನ್ನು ನೋಡಿದರು.

"ಬ್ಯಾಡ್ರಿ. ನನ್ನ ಮಗಳು ನಿಂತಾಳ."

ಮಂಡಿನೋವಿನ ಮನುಷ್ಯ, ರೊಟ್ಟಿಯ ಗಂಟು ಹಿಡಿದು ಕಾವಲು ಬದಲಾಗುವವರೆಗೂ ನಿಂತೇ ಇದ್ದರು. ನನಗೆ ಹೆಮ್ಮೆಯಾಯಿತು. ಮಗಳ ಬಗ್ಗೆಯೋ, ಗಂಡನ ಬಗ್ಗೆಯೋ, ಇಂದಿಗೂ ಬಗೆಹರಿದಿಲ್ಲ. ಹೆಸರು ತೆಗೆಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಡ್ಯೂಟಿ ಮುಗಿಸಿ ಓಡಿಬಂದವಳ ಮುಂದೆ ಕುರ್ಚಿ ಸರಿಸಿ ಮೆಲ್ಲಗೆ, "ಈಗರೆ ಕುಂದರ್ತೀ ಏನವ್ವಾ?" ಎಂದರು.

ಅವರು ಒಬ್ಬರನ್ನು ಹೀಗೆ ಕೇಳಿ ಕೂಡಿಸಿದ್ದು ಅದೇ ಮೊದಲು.